ಮೊಂಡು ಚೈನಿನ ಖರ್ಚು ಯಾರ ಲೆಕ್ಕಕ್ಕೆ?

ಬೆಳಿಗ್ಗೆ ಏಳು ಗಂಟೆಗೆ ರಾಗಿಗುಡ್ಡದ ಕೆಳಗಿನ ರಸ್ತೆಯಲ್ಲಿ ನಿಂತರೆ ಶಿವಮೊಗ್ಗ ಕೂಲಿಗೆ ಹೊರಡುವುದು ಕಾಣುತ್ತದೆ. ಗಾರೆಯವರು, ಪೇಂಟಿಂಗ್‌ನವರು, ಲೋಡಿಂಗ್‌ನವರು. ನಡುವೆ ಗೂಡ್ಸ್ ಆಟೊದ ಹಿಂದೆ ಕುಳಿತ ಇಬ್ಬರು ಮೂವರು. ಕಾಲ ಬುಡದಲ್ಲಿ ಹಗ್ಗದ ಸುರುಳಿ, ಪೆಟ್ರೋಲ್ ಕ್ಯಾನು, ಗೋಣಿಚೀಲ ಸುತ್ತಿದ ಮರ ಕೊಯ್ಯುವ ಮಿಷನ್ನು. ಚೀಲದಿಂದ ಬಾರ್ ಒಂದೇ ಹೊರಗೆ ಚಾಚಿರುತ್ತದೆ. ಮಿಷನ್ ಕಂಡರೆ ನಾವೆಲ್ಲ ಕೇಳುವುದು ಕಂಪನಿ ಯಾವುದು, ಎಷ್ಟು ಸಿಸಿ, ಎಷ್ಟಕ್ಕೆ ತಂದಿರಿ ಎಂದು. ಆ ಬಾರಿನ ಸುತ್ತ ಇರುವ ಚೈನನ್ನು ಯಾರೂ ಬಗ್ಗಿ ನೋಡುವುದಿಲ್ಲ. ಮರ ಕೊಯ್ಯುವುದು ಮಾತ್ರ ಅದೇ.

ಇದನ್ನು ಬರೆಯುತ್ತಿರುವ ನಾವೂ ನೋಡಿದವರಲ್ಲ. ‘ಮರ ಕಡಿಯುವಾಗ ಅವಘಡ, ಕಾರ್ಮಿಕನಿಗೆ ಗಂಭೀರ ಗಾಯ’ ಎಂಬ ನಾಲ್ಕು ಸಾಲಿನ ಸುದ್ದಿಯನ್ನು ಎಷ್ಟೋ ಸಲ ಕಳಿಸಿದ್ದೇವೆ. ಹೆಸರು, ವಯಸ್ಸು, ಊರು, ಯಾವ ಆಸ್ಪತ್ರೆ, ಯಾವ ಠಾಣೆ. ಚೈನು ಹರಿತ ಇತ್ತೇ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಬೇಕು ಎಂದು ಹೊಳೆದದ್ದು ನಮ್ಮದೇ ತೋಟದಲ್ಲಿ ಒಂದು ಮಧ್ಯಾಹ್ನ ತಲೆ ತಗ್ಗಿಸಿದ ಮೇಲೆ.

ಬೇಲಿ ಸಾಲಿನ ನಾಲ್ಕು ಸಿಲ್ವರ್ ಓಕ್ ತೆಗೆಸಬೇಕಿತ್ತು. ಬಂದವರು ಅನುಭವಸ್ಥರು. ಎರಡು ಮರ ಉರುಳಿಸಿದ ಮೇಲೆ ನೆರಳಿಗೆ ಕುಳಿತು, ಬಾರನ್ನು ತೊಡೆಯ ಮೇಲಿಟ್ಟುಕೊಂಡು ಅರದಿಂದ ಹಲ್ಲು ಉಜ್ಜತೊಡಗಿದರು. ಹತ್ತು ನಿಮಿಷ ಆಗಿರಬಹುದು. ನಮ್ಮ ಮನೆಯ ಹಿರಿಯರು ಜಗುಲಿಯಿಂದಲೇ, ‘ಕೂಲಿ ಕೊಟ್ಟಿದ್ದು ಮರ ಕಡಿಯೋಕೆ, ಕೂತ್ಕೊಂಡು ಉಜ್ಜೋಕಲ್ಲ’ ಎಂದುಬಿಟ್ಟರು. ನಾವು ಅಲ್ಲೇ ಇದ್ದೆವು, ಬಾಯಿ ಬಿಡಲಿಲ್ಲ. ಆತ ಏನೂ ಹೇಳದೆ ಎದ್ದು ಮಿಷನ್ ಎಳೆದರು. ಮೂರನೇ ಮರದಲ್ಲಿ ಕೊಯ್ತ ನೇರ ಹೋಗಲೇ ಇಲ್ಲ. ಬಾಗುತ್ತ ಬಾಗುತ್ತ ಹೋಗಿ ಬಾರ್ ಮರದೊಳಗೆ ಸಿಕ್ಕಿಕೊಂಡಿತು. ಕೊಡಲಿಯಿಂದ ಬೆಣೆ ಹೊಡೆದು ಬಿಡಿಸಿಕೊಳ್ಳುವಾಗ ಮರ ಅತ್ತಿತ್ತ ಓಲಾಡಿದ್ದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಯಾರಿಗೂ ಏನೂ ಆಗಲಿಲ್ಲ, ಅದೃಷ್ಟ. ನಾಲ್ಕನೇ ಮರ ಮುಟ್ಟದೆ ಅವತ್ತಿನ ಕೆಲಸ ಮುಗಿಸಿದರು.

ಕಾರಣ ಆಮೇಲೆ ಅವರೇ ಹೇಳಿದರು. ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಅವರು ಎಡಗಡೆಯ ಹಲ್ಲುಗಳನ್ನೆಲ್ಲ ಉಜ್ಜಿ ಮುಗಿಸಿದ್ದರು. ಬಲಗಡೆಗೆ ತಿರುಗಿಸಿಕೊಳ್ಳುವಷ್ಟರಲ್ಲಿ ನಮ್ಮ ಮನೆಯಿಂದ ಆ ಮಾತು ಬಂದಿತ್ತು. ಒಂದು ಕಡೆ ಹರಿತ, ಒಂದು ಕಡೆ ಮೊಂಡಾದ ಚೈನು ನೇರ ಕೊಯ್ಯುವುದಿಲ್ಲ.

ಅಡಿಕೆ ಸುಲಿಯುವ ಹೆಂಗಸರು ನಡುವೆ ಎದ್ದು ಕತ್ತಿ ಮಸೆದರೆ ಯಾರೂ ಗೊಣಗುವುದಿಲ್ಲ. ಹುಲ್ಲು ಕೊಯ್ಯುವವರು ಕುಡುಗೋಲಿಗೆ ಸಾಣೆ ಹಿಡಿದರೆ ಅದೂ ಕೆಲಸವೇ. ಮಿಷನ್ ಬಂದ ಕೂಡಲೆ ನಮ್ಮ ಲೆಕ್ಕ ಬದಲಾಯಿತು. ಮಿಷನ್ ಸದ್ದು ಮಾಡುತ್ತಿದ್ದರೆ ಕೆಲಸ, ನಿಂತರೆ ಸೋಮಾರಿತನ. ಚೈನ್ ಮಸೆಯುವ ಹೊತ್ತು ಕೂಲಿಯೊಳಗೆ ಸೇರಬೇಕು, ಚೈನು ಬಾರಿನ ಸವಕಳಿಯ ದುಡ್ಡು ಕೂಲಿಯಿಂದ ಬೇರೆಯಾಗಿ ಸಿಗಬೇಕು, ಅದನ್ನು ಕೊಡಬೇಕಾದವರು ಮರ ಕಡಿಸುವ ನಾವು. ಹೇಳಬೇಕೆಂದಿರುವುದು ಇಷ್ಟೇ. ಆದರೆ ಯಾಕೆ ಎಂದು ಅರ್ಥವಾಗಬೇಕಾದರೆ ಆ ಚೈನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು ಒಂದು ಹುಳುವಿನ ಕಥೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರ ಹೊತ್ತಿಗೇ ವಿದ್ಯುತ್ತಿನ ಚೈನ್ ಸಾ ಮಾಡಿದ್ದರು. ಆದರೆ ಆಗಿನ ಚೈನಿನ ಹಲ್ಲು ಕೈಗರಗಸದ ಹಲ್ಲಿನಂತೆಯೇ ಇತ್ತು. ಮರವನ್ನು ಗೀರುತ್ತಿತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಜೋ ಕಾಕ್ಸ್ ಎಂಬ ಮರ ಕಡಿಯುವ ಮನುಷ್ಯ, ಕಟ್ಟಿಗೆಯೊಳಗೆ ಒಂದು ಕೊರೆಹುಳು ಸಲೀಸಾಗಿ ದಾರಿ ಮಾಡಿಕೊಂಡು ಹೋಗುವುದನ್ನು ಕಂಡ. ಹುಳುವಿನ ಎರಡು ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕೆತ್ತುತ್ತಿದ್ದವು. ಅದನ್ನೇ ಉಕ್ಕಿನಲ್ಲಿ ಮಾಡಿದ. ಇವತ್ತು ತೀರ್ಥಹಳ್ಳಿಯ ತೋಟದಲ್ಲಿ ಓಡುವ ಚೈನೂ ಅದೇ ಹುಳುವಿನ ಬಾಯಿ. ಎಡ ಬಲ ಎರಡೂ ದವಡೆ ಸಮ ಇರಬೇಕು ಎಂಬುದು ಅಲ್ಲಿಂದಲೇ ಬಂದ ನಿಯಮ.

ಈಗ ಅಂಗಡಿಗೆ ಬನ್ನಿ. ‘ಹದಿನೆಂಟು ಇಂಚಿಂದು ಒಂದು ಚೈನ್ ಕೊಡಿ’ ಎಂದು ಕೇಳುವುದು ನಮ್ಮ ರೂಢಿ. ಅದು ‘ಒಂಬತ್ತನೇ ನಂಬರಿನ ಚಪ್ಪಲಿ ಕೊಡಿ’ ಎಂದಷ್ಟು ಸರಳ ಅಲ್ಲ. ಚೈನಿಗೆ ಮೂರು ಲೆಕ್ಕ ಇದೆ. ಒಂದು, ಪಿಚ್. ಸಾಲಾಗಿ ಮೂರು ರಿವೆಟ್ ಹಿಡಿದು ಮೊದಲನೆಯದರಿಂದ ಮೂರನೆಯದಕ್ಕೆ ಅಳೆದು ಅರ್ಧ ಮಾಡಿದರೆ ಸಿಗುವ ಅಳತೆ. ನಮ್ಮಲ್ಲಿ ಹೆಚ್ಚು ಕಾಣುವುದು 0.325 ಇಂಚು ಮತ್ತು 3/8 ಇಂಚು. ಇನ್ನೊಂದು ಗೇಜ್, ಅಂದರೆ ಬಾರಿನ ಗಾಡಿಯೊಳಗೆ ಕೂರುವ ನಾಲಗೆಯ ದಪ್ಪ: 0.050, 0.058, 0.063 ಇಂಚು, ಹೀಗೆ. ಕೊನೆಯದು ಆ ನಾಲಗೆಗಳ ಸಂಖ್ಯೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ 58 ಸಿಸಿ ಮಿಷನ್ನಿನ 22 ಇಂಚಿನ ಬಾರಿಗೆ ಸಾಮಾನ್ಯವಾಗಿ 0.325 ಪಿಚ್, 0.058 ಗೇಜ್, 86 ನಾಲಗೆಯ ಚೈನು ಬೇಕು. 18 ಇಂಚಿಗಾದರೆ 72. ಆದರೆ ಇನ್ನೊಂದು ಕಂಪನಿಯ 18 ಇಂಚಿಗೆ ಲೆಕ್ಕ ಬೇರೆಯಾಗಬಹುದು. ಬಾರಿನ ಬುಡದಲ್ಲಿ, ಇಂಜಿನ್ ಹತ್ತಿರದ ಮೂಲೆಯಲ್ಲಿ ಇವು ಅಚ್ಚೊತ್ತಿರುತ್ತವೆ. ಎಣ್ಣೆ ಮಸಿ ಒರೆಸಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು.

ತಪ್ಪು ತಂದರೆ ಏನಾಗುತ್ತದೆ? ಪಿಚ್ ತಪ್ಪಿದರೆ ಒಳಗಿನ ಸ್ಪ್ರಾಕೆಟ್ ಹಲ್ಲಿಗೆ ಚೈನು ಕೂರುವುದೇ ಇಲ್ಲ, ಕೂರಿಸಿ ಓಡಿಸಿದರೆ ಎರಡೂ ಹಾಳು. ಗೇಜ್ ತಪ್ಪಿದ್ದು ಇನ್ನೂ ಕಪಟಿ. ದಪ್ಪ ಚೈನು ತೆಳು ಗಾಡಿಗೆ ಇಳಿಯುವುದಿಲ್ಲ, ಅದು ಗೊತ್ತಾಗುತ್ತದೆ. ತೆಳು ಚೈನು ಅಗಲ ಗಾಡಿಯಲ್ಲಿ ಕೂರುತ್ತದೆ, ಓಡುತ್ತದೆ, ಮಗ್ಗುಲಿಗೆ ವಾಲಿಕೊಂಡು ಕೊಯ್ಯುತ್ತದೆ. ಮಿಷನ್ ಸರಿ ಇಲ್ಲ ಎಂದು ಬೈದುಕೊಂಡು ವರ್ಷ ಕಳೆಯುವವರಿದ್ದಾರೆ.

ಕೆಲವು ಅಂಗಡಿಗಳಲ್ಲಿ ರೋಲಿನಿಂದ ಚೈನು ಕತ್ತರಿಸಿ, ರಿವೆಟ್ ಹೊಡೆದು ಜೋಡಿಸಿ ಕೊಡುತ್ತಾರೆ. ಅದಕ್ಕೆಂದೇ ಇರುವ ಉಪಕರಣದಲ್ಲಿ ಮಾಡಿದರೆ ತೊಂದರೆ ಇಲ್ಲ. ಮೊಳೆ ಇಟ್ಟು ಸುತ್ತಿಗೆಯಲ್ಲಿ ಬಡಿದದ್ದಾದರೆ ಬೇಡ ಅನ್ನಿ. ಯಾಕೆ ಅಂದರೆ ಏಳು ಹಲ್ಲಿನ ಸ್ಪ್ರಾಕೆಟ್ ನಿಮಿಷಕ್ಕೆ 9,000 ಸುತ್ತು ತಿರುಗುವಾಗ 0.325ರ ಚೈನು ಗಂಟೆಗೆ 60 ಕಿಲೋಮೀಟರಿಗಿಂತ ವೇಗದಲ್ಲಿ ಓಡುತ್ತಿರುತ್ತದೆ. ಭದ್ರಾವತಿ ರಸ್ತೆಯಲ್ಲಿ ಖಾಲಿ ಬಸ್ಸು ಹೋಗುವ ವೇಗ. ಆ ವೇಗದಲ್ಲಿ ತುಂಡಾದ ಕೊಂಡಿ ಎತ್ತ ಹಾರುತ್ತದೆ ಎಂದು ಹೇಳಲು ಬರುವುದಿಲ್ಲ.

ಬಾರಿನ ಉದ್ದದ ವಿಷಯದಲ್ಲಿ ನಮ್ಮ ಗಂಡಸರಿಗೆ ಒಂದು ಚಪಲ ಇದೆ, ಹೇಳಿಬಿಡೋಣ. ಉದ್ದ ಬಾರ್ ಇದ್ದರೆ ದೊಡ್ಡ ಮಿಷನ್. ತೋಟದ ಸಿಲ್ವರ್, ಅಕೇಶಿಯಾ, ಸತ್ತ ಅಡಿಕೆ ಮರ ಕೊಯ್ಯಲು 22 ಇಂಚು ಯಾಕೆ ಬೇಕು? ಬಾರ್ ಉದ್ದವಾದಷ್ಟೂ ಮಸೆಯಬೇಕಾದ ಹಲ್ಲು ಹೆಚ್ಚು, ಎಣ್ಣೆ ಹೆಚ್ಚು, ಇಂಜಿನ್ನಿಗೆ ಭಾರ ಹೆಚ್ಚು, ತುದಿ ಎಲ್ಲಿದೆ ಎಂಬ ಅಂದಾಜು ಕಡಿಮೆ. 16 ಅಥವಾ 18 ಇಂಚಿನ ಬಾರಿನಲ್ಲಿ ಎರಡೂ ಮಗ್ಗುಲಿಂದ ಕೊಯ್ದರೆ ಬಾರಿಗಿಂತ ದಪ್ಪದ ದಿಮ್ಮಿಯನ್ನೂ ತುಂಡು ಮಾಡಬಹುದು. ತುದಿಯ ವಿಷಯ ಯಾಕೆ ಹೇಳಿದೆವೆಂದರೆ, ಬಾರಿನ ಮೂತಿಯ ಮೇಲಿನ ಕಾಲು ಭಾಗ ಏನಕ್ಕಾದರೂ ತಗುಲಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಹಿಮ್ಮುಖವಾಗಿ ಎಗರುತ್ತದೆ. ಮುಖ, ಕುತ್ತಿಗೆ, ಎಡ ಭುಜ. ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕ್ ಇರುವುದು ಆ ಒಂದು ಕ್ಷಣಕ್ಕೆ. ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿಟ್ಟು ಕೆಲಸ ಮಾಡುವವರನ್ನು ನೋಡಿದ್ದೇವೆ.

ಇನ್ನು ಮೊಂಡಾಗುವ ವಿಷಯ. ಎಲ್ಲ ಮರವೂ ಒಂದೇ ಅಲ್ಲ, ಎಲ್ಲ ಜಾಗವೂ ಒಂದೇ ಅಲ್ಲ. ಹಸಿ ಸಿಲ್ವರ್ ಬೆಣ್ಣೆಯಂತೆ ಕೊಯ್ದು ಹೋಗುತ್ತದೆ. ಒಣಗಿದ ಅಕೇಶಿಯಾ ಹಾಗಲ್ಲ. ಅಡಿಕೆ, ತೆಂಗಿನ ಹೊರಮೈ ನಾರು ಹಲ್ಲನ್ನು ತಿನ್ನುತ್ತದೆ. ರಸ್ತೆ ಬದಿಯ ಮರದ ಬುಡದ ತೊಗಟೆಯಲ್ಲಿ ವರ್ಷಗಟ್ಟಲೆ ಸಿಡಿದ ಕೆಮ್ಮಣ್ಣು, ಜಲ್ಲಿ ಪುಡಿ ಇರುತ್ತದೆ. ಬೇಲಿ ಮರಗಳಂತೂ ಯಾರೋ ಇಪ್ಪತ್ತು ವರ್ಷದ ಹಿಂದೆ ಹೊಡೆದ ಮುಳ್ಳುತಂತಿ, ಮೊಳೆ ಎಲ್ಲ ನುಂಗಿಕೊಂಡು ನಿಂತಿರುತ್ತವೆ. ಇನ್ನೊಂದು, ಎಲ್ಲರೂ ಮಾಡುವ ತಪ್ಪು: ನೆಲಕ್ಕೆ ಬಿದ್ದ ದಿಮ್ಮಿಯನ್ನು ಮೇಲಿಂದ ಕೊಯ್ಯುತ್ತ ಹೋಗಿ ಕೊನೆಯಲ್ಲಿ ಮಣ್ಣಿಗೆ ಮುಟ್ಟಿಸುವುದು. ಕಲ್ಲಿಗೆ ಒಂದು ಸೆಕೆಂಡು ತಗುಲಿದರೆ ಸಾಕು, ಚೈನಿನ ಎಲ್ಲ ಹಲ್ಲುಗಳೂ ಆ ಕಲ್ಲಿನ ಮೇಲೆ ಓಡಿ ಬಂದಿರುತ್ತವೆ. ಮುಕ್ಕಾಲು ಭಾಗ ಕೊಯ್ದು, ದಿಮ್ಮಿ ಹೊರಳಿಸಿ, ಉಳಿದದ್ದನ್ನು ಮೇಲಿಂದಲೇ ಕೊಯ್ಯುವುದು ಸರಿ. ಹೊರಳಿಸಲು ಇನ್ನೊಬ್ಬ ಆಳು ಬೇಕು. ಆ ಇನ್ನೊಬ್ಬ ಆಳಿನ ಕೂಲಿ ಉಳಿಸಲು ಹೋಗಿ ಚೈನು ಕಳೆಯುತ್ತೇವೆ.

ಹಾಗಾಗಿ ಚೈನು ಕೊಳ್ಳುವಾಗ ಹಲ್ಲಿನ ಮೂಲೆ ಚೂಪಾಗಿರುವುದೋ, ದುಂಡಗಿರುವುದೋ ಎಂದು ನೋಡಿ. ಚೂಪು ಮೂಲೆಯದ್ದು ಸ್ವಚ್ಛ ಹಸಿ ಮರದಲ್ಲಿ ಓಟ ಹೆಚ್ಚು, ಆದರೆ ಧೂಳು ಕಂಡರೆ ಬೇಗ ಸೋಲುತ್ತದೆ. ದುಂಡು ಮೂಲೆಯದ್ದು ಸ್ವಲ್ಪ ನಿಧಾನ, ಧೂಳು, ಒಣ ಕಟ್ಟಿಗೆ ತಡೆದುಕೊಳ್ಳುತ್ತದೆ. ನಮ್ಮ ಕೆಲಸಕ್ಕೆ ದುಂಡೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಚೈನು ಮೊಂಡಾಗಿದೆ ಎಂದು ತಿಳಿಯಲು ಮಿಷನ್ ಮುಟ್ಟಬೇಕಾಗಿಲ್ಲ, ಹಿಂದೆ ಬೀಳುವುದನ್ನು ನೋಡಿ. ಹರಿತವಾದ ಚೈನು ಅವಲಕ್ಕಿಯಂಥ ಚಕ್ಕೆ ಉಗುಳುತ್ತದೆ. ಮೊಂಡು ಚೈನು ಹಿಟ್ಟು ಉದುರಿಸುತ್ತದೆ. ಮರದಿಂದ ಹೊಗೆ ಬಂದರೆ, ಕೊಯ್ಯುವವರು ಮೈಭಾರ ಹಾಕಿ ಒತ್ತುತ್ತಿದ್ದರೆ, ಕೊಯ್ತ ಬಾಗಿದರೆ, ನಿಲ್ಲಿಸಿ ಎನ್ನಬೇಕು. ಮರ ಕಡಿಸುವವರೇ ಹೇಳಬೇಕಾದ ಮಾತು ಅದು. ಹರಿತವಾದ ಚೈನು ತಾನಾಗಿ ಮರದೊಳಗೆ ಎಳೆದುಕೊಂಡು ಹೋಗುತ್ತದೆ, ಹಿಡಿದುಕೊಂಡರೆ ಸಾಕು. ಮೊಂಡನ್ನು ಒತ್ತಬೇಕು, ಒತ್ತುವ ತೋಳು ದಣಿಯುತ್ತದೆ, ದಣಿದ ತೋಳು ತಪ್ಪುತ್ತದೆ, ಒತ್ತುತ್ತಿದ್ದ ಮರ ಥಟ್ಟನೆ ತುಂಡಾದಾಗ ಮಿಷನ್ ತೊಡೆಯ ಕಡೆಗೆ ಬರುತ್ತದೆ. ನಡುಕವೂ ಹೆಚ್ಚು. ವರ್ಷಗಟ್ಟಲೆ ಈ ನಡುಕ ಹಿಡಿದವರ ಬೆರಳುಗಳು ಜೋಮು ಹಿಡಿದು, ಚಳಿಗೆ ಬಿಳಚಿಕೊಳ್ಳುತ್ತವೆ. ಅದು ವೈದ್ಯರಿಗೆ ಗೊತ್ತಿರುವ ಕಾಯಿಲೆ. ನಮ್ಮಲ್ಲಿ ‘ವಯಸ್ಸಾಯ್ತು’ ಎಂದು ಸುಮ್ಮನಾಗುತ್ತಾರೆ.

ಮಸೆಯುವುದು ಕಷ್ಟದ ವಿದ್ಯೆ ಅಲ್ಲ, ಸರಿಯಾದ ಅರ ಬೇಕು. 0.325 ಪಿಚ್ಚಿಗೆ 4.8 ಮಿಲಿಮೀಟರಿನ ದುಂಡು ಅರ. 3/8ಕ್ಕೆ 5.2 ಅಥವಾ 5.5. ಚಿಕ್ಕ ಮಿಷನ್ನಿನ ಗಿಡ್ಡ ಹಲ್ಲಿನ 3/8 ಆದರೆ 4. ‘ಯಾವುದೋ ಒಂದು’ ಅರದಿಂದ ಉಜ್ಜಿದರೆ ಹಲ್ಲಿನ ಕೊಕ್ಕೆಯ ಆಕಾರವೇ ಕೆಡುತ್ತದೆ. ಹಲ್ಲಿನ ಮೇಲೆ ಓರೆ ಗೆರೆ ಇರುತ್ತದೆ, ಬಹುತೇಕ ಚೈನಿಗೆ 30 ಡಿಗ್ರಿ. ಅದಕ್ಕೆ ಸಮನಾಗಿ ಹಿಡಿದು ಒಳಗಿನಿಂದ ಹೊರಕ್ಕೆ ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಅರ ಎತ್ತಬೇಕು. 72 ನಾಲಗೆಯ ಮಾಮೂಲಿ ಚೈನಿಗೆ 36 ಹಲ್ಲು, ಎಡಕ್ಕೆ 18, ಬಲಕ್ಕೆ 18. ಹಲ್ಲಿಗೆ ಮೂರು ತಳ್ಳು ಎಂದುಕೊಂಡರೂ ನೂರೆಂಟು. ಜಪಮಾಲೆಯ ಲೆಕ್ಕವೇ ಆಯಿತು! ಅಷ್ಟಕ್ಕೆ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ. ಇಷ್ಟು ಹೊತ್ತಿಗಾಗಿ ನಮ್ಮ ಮನೆಯಲ್ಲಿ ಆ ಮಾತು ಬಂದದ್ದು.

ಹಲ್ಲಿನ ಮುಂದೆ ಒಂದು ಸಣ್ಣ ಗೂನು ಇರುತ್ತದೆ, ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಎಂದು ತೀರ್ಮಾನಿಸುವುದು ಅದು. ಹಲ್ಲು ಸವೆದಂತೆ ಈ ಗೂನನ್ನೂ ಚಪ್ಪಟೆ ಅರದಿಂದ ತುಸು ಇಳಿಸಬೇಕು. ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಇಳಿಸದಿದ್ದರೆ ಎಷ್ಟು ಮಸೆದರೂ ಕೊಯ್ಯುವುದಿಲ್ಲ. ಕೆಲವರು ‘ಜಾಸ್ತಿ ಕಚ್ಚಲಿ’ ಎಂದು ಪೂರ್ತಿ ಉಜ್ಜಿಬಿಡುತ್ತಾರೆ. ಆ ಚೈನು ಮರವನ್ನು ಹಿಡಿದು ಎಗರುತ್ತದೆ, ಮೊಂಡಿಗಿಂತ ಅಪಾಯ. ಇದಕ್ಕೊಂದು ಅಳತೆಪಟ್ಟಿ ಸಿಗುತ್ತದೆ, ದುಬಾರಿ ಏನಲ್ಲ. ಹಲ್ಲಿನ ಉದ್ದ 4 ಮಿಲಿಮೀಟರಿಗೆ ಇಳಿದರೆ ಆ ಚೈನಿನ ಆಯುಷ್ಯ ಮುಗಿಯಿತು. ಗ್ರೈಂಡರ್ ಚಕ್ರಕ್ಕೆ ಕೊಟ್ಟು ಹಲ್ಲು ನೀಲಿ ತಿರುಗಿದ್ದರೂ ಅಷ್ಟೇ, ಉಕ್ಕಿನ ಹದ ಹೋಗಿರುತ್ತದೆ.

ಎಣ್ಣೆಯ ಬಗ್ಗೆ ಸಿಟ್ಟಿನಿಂದಲೇ ಬರೆಯಬೇಕು. ಗ್ಯಾರೇಜಿನಲ್ಲಿ ಬಸಿದ ಕಪ್ಪು ಇಂಜಿನ್ ಆಯಿಲನ್ನು ಪುಕ್ಕಟೆ ತಂದು ಚೈನ್ ಟ್ಯಾಂಕಿಗೆ ಸುರಿಯುವುದು ನಮ್ಮ ಕಡೆ ಮಾಮೂಲಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿಗೂ ಬಾರಿಗೂ ಮರಳು ಕಾಗದ ಉಜ್ಜಿದ ಹಾಗೆ. ಚೈನಿನಿಂದ ಸಿಡಿಯುವ ಎಣ್ಣೆ ಕೊಯ್ಯುವವರ ಮೈಮೇಲೆ, ಉಸಿರಿಗೆ, ತೋಟದ ಬಸಿಗಾಲುವೆಗೆ ಹೋಗುತ್ತದೆ. ಬಳಸಿದ ಇಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ಕ್ಯಾನ್ಸರಿನ ಭಯವೂ ಇದೆ. ಬಾರ್ ಆಯಿಲ್ ಎಂದೇ ಬೇರೆ ಸಿಗುತ್ತದೆ, ಅದು ಅಂಟಿನ ಗುಣದ್ದು, ಚೈನಿನಿಂದ ಬೇಗ ಚಿಮ್ಮಿ ಹೋಗುವುದಿಲ್ಲ. ಸಿಗದಿದ್ದರೆ ಹೊಸ ಇಂಜಿನ್ ಆಯಿಲ್ ಆದರೂ ಹಾಕಿ. ಒಂದು ಟ್ಯಾಂಕ್ ಪೆಟ್ರೋಲಿಗೆ ಹೆಚ್ಚೂ ಕಡಿಮೆ ಒಂದು ಟ್ಯಾಂಕ್ ಎಣ್ಣೆ ಖರ್ಚಾಗಬೇಕು. ಆಗದಿದ್ದರೆ ಬಾರಿನ ತೂತು ಹೊಟ್ಟಿನಿಂದ ಕಟ್ಟಿದೆ ಎಂದರ್ಥ. ಬಾರಿನ ತುದಿಯನ್ನು ಒಣ ಮರದ ತುಂಡಿನ ಹತ್ತಿರ ಹಿಡಿದು, ತಾಗಿಸದೆ, ಆಕ್ಸಲರೇಟರ್ ಕೊಟ್ಟರೆ ಎಣ್ಣೆಯ ಗೆರೆ ಬೀಳಬೇಕು.

ಬಾರನ್ನು ಆಗಾಗ ಮಗುಚಿ ಹಾಕಿ, ಇಲ್ಲದಿದ್ದರೆ ಒಂದೇ ಅಂಚು ಸವೆಯುತ್ತದೆ. ಗಾಡಿಯೊಳಗಿನ ಹೊಟ್ಟನ್ನು ತೆಳ್ಳಗಿನ ತಗಡಿನಿಂದ ಕೆರೆದು ತೆಗೆಯಿರಿ, ಅಂಚಿನಲ್ಲಿ ಎದ್ದ ಮುಳ್ಳನ್ನು ಚಪ್ಪಟೆ ಅರದಿಂದ ಸವರಿ. ಒಂದು ಅಂಚು ತಗ್ಗಾದ ಬಾರಿಗೆ ಹೊಸ ಚೈನು ಹಾಕಿದರೂ ಕೊಯ್ತ ಬಾಗುವುದು ನಿಲ್ಲುವುದಿಲ್ಲ. ಎರಡು ಚೈನು ಸವೆಯುವಷ್ಟರಲ್ಲಿ ಸ್ಪ್ರಾಕೆಟ್ಟೂ ಸವೆದಿರುತ್ತದೆ, ಅದನ್ನು ಹಾಗೇ ಬಿಟ್ಟರೆ ಹೊಸ ಚೈನನ್ನೂ ತಿನ್ನುತ್ತದೆ. ಬಿಗಿಯ ಅಂದಾಜು ಹೀಗೆ: ಬಾರಿನ ಮೂತಿ ಎತ್ತಿ ಹಿಡಿದು ಬಿಗಿ ಮಾಡಬೇಕು, ಕೆಳಗಡೆ ಚೈನು ಜೋತಾಡಬಾರದು, ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸರಾಗ ಸುತ್ತಬೇಕು. ಬಿಸಿಯಾದಾಗ ಬಿಗಿ ಮಾಡಿದ ಚೈನನ್ನು ಸಂಜೆ ಸಡಿಲಿಸಿಯೇ ಇಡಬೇಕು. ಆರಿದ ಮೇಲೆ ಅದು ಕುಗ್ಗಿ ಒಳಗಿನ ಬೇರಿಂಗನ್ನು ಎಳೆಯುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ ಕೋಪ ಬಂದಿರಬಹುದು. ಮಲೆನಾಡಿನ ಮರ ಕಡಿಯುವುದನ್ನು ಕಲಿಸುತ್ತಿದ್ದೀರಾ ಎಂದು. ಕೋಪಕ್ಕೆ ಕಾರಣ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದೇ ನಮ್ಮ ಕಾಡಿನ ಇದ್ದಿಲಿನಿಂದ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಗಾಗಿ ಸಾವಿರಾರು ಹೆಕ್ಟೇರಿನಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರು. ಕಾರ್ಖಾನೆ ನಿಂತುಹೋಯಿತು, ಅಕೇಶಿಯಾ ನಿಂತೇ ಇದೆ, ಅದು ಬೇಡ ಎಂದು ಊರೂರಲ್ಲಿ ಚಳವಳಿಯೂ ಆಯಿತು. ಬೇಡವಾದರೂ ಯಾರಾದರೂ ಕೊಯ್ಯಲೇಬೇಕಲ್ಲ. ಯಾವ ಮರ ಕಡಿಯಬೇಕು, ಯಾವುದು ಬೇಡ ಎಂಬುದು ಬೇರೆ ಜಗಳ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ ಉಳಿದದ್ದಕ್ಕೆ ಅನುಮತಿ ಬೇಕೇ ಬೇಕು. ಆದರೆ ಅನುಮತಿ ಇದ್ದರೂ ಇಲ್ಲದಿದ್ದರೂ ಮಿಷನ್ ಹಿಡಿಯುವವರ ಕಾಲು ಒಂದೇ. ಮಳೆಗಾಲದ ಗಾಳಿಗೆ ಮರ ರಸ್ತೆಗೆ ಬಿದ್ದು, ಮೆಸ್ಕಾಂ ತಂತಿ ಹರಿದು, ಆಂಬುಲೆನ್ಸ್ ಆಚೆ ನಿಂತಾಗ ನಾವೆಲ್ಲ ಕೂಗಿ ಕರೆಯುವುದು ಅವರನ್ನೇ. ಬಿದ್ದ ಮರದ ಕೊಂಬೆಗಳು ಬಿಲ್ಲಿನಂತೆ ಸೆಟೆದಿರುತ್ತವೆ, ಎಲ್ಲಿ ಕೊಯ್ದರೆ ಎತ್ತ ಚಿಮ್ಮುತ್ತದೋ ಹೇಳಲಾಗದು. ಮೊಂಡು ಚೈನು ಹಿಡಿದು ಹೋಗಬಾರದ ಜಾಗ ಅದು.

ಈಗ ದುಡ್ಡಿಗೆ ಬರೋಣ. ನಾವು ಕಂಡಂತೆ ಮಿಷನ್ ಬಹುಪಾಲು ಮೇಸ್ತ್ರಿಯದ್ದು, ಕೊಯ್ಯುವವರು ದಿನಗೂಲಿ. ಮರಕ್ಕಿಷ್ಟು ಎಂದು ತೋಟದವರು ಮೇಸ್ತ್ರಿಗೆ ಮಾತಾಡುತ್ತಾರೆ. ತೋಟದವರಿಗೆ ಬೇಗ ಮುಗಿಯಬೇಕು. ಮೇಸ್ತ್ರಿಗೆ ಚೈನು ಆದಷ್ಟು ದಿನ ಬರಬೇಕು. ನಡುವಿನವರಿಗೆ ಚೈನು ಮೊಂಡಾಗಿದೆ ಎಂದು ಗೊತ್ತಿದ್ದರೂ ಹೇಳುವ ಬಾಯಿಲ್ಲ. ಹೇಳಿದರೆ ನಾಳೆ ಬೇರೆಯವರು ಬರುತ್ತಾರೆ. ಸ್ವಂತ ಮಿಷನ್ ಇಟ್ಟುಕೊಂಡವರದ್ದೂ ಸುಖವಲ್ಲ. ಪೆಟ್ರೋಲಿನ ದುಡ್ಡು ಕೇಳಿದರೆ ಕೊಡುತ್ತೇವೆ, ಚೈನಿನ ದುಡ್ಡು ಎಂದರೆ ‘ಅದೂ ನಾವೇ ಕೊಡಬೇಕಾ?’ ಎನ್ನುತ್ತೇವೆ. ಕೆಲವು ನೂರು ರೂಪಾಯಿಯ ವಸ್ತು. ಅದು ಮೂರು ಕಡೆಯಿಂದಲೂ ಯಾರ ಲೆಕ್ಕಕ್ಕೂ ಸೇರದೆ, ಕೊನೆಗೆ ಕೊಯ್ಯುವವರ ತೋಳಿನ ಲೆಕ್ಕಕ್ಕೆ ಹೋಗುತ್ತದೆ.

ಮೇಸ್ತ್ರಿಗಳು ತಿರುಗಿ ಒಂದು ಮಾತು ಹೇಳುತ್ತಾರೆ: ಹೊಸ ಚೈನು ಕೊಟ್ಟರೆ ಹುಡುಗರು ಎರಡೇ ದಿನಕ್ಕೆ ಕಲ್ಲಿಗೆ ಹೊಡೆದು ತರುತ್ತಾರೆ ಎಂದು. ಸುಳ್ಳಲ್ಲ. ಆ ಹುಡುಗರಿಗೆ ಯಾರೂ ಕೂರಿಸಿ ಕಲಿಸಿಲ್ಲ, ನೋಡಿ ಕಲಿತದ್ದು. ಅಡಿಕೆಗೆ ರೋಗ ಬಂದರೆ ತರಬೇತಿ ಕೊಡುವ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯಲ್ಲಿದೆ. ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಒಂದು, ಸುಗ್ಗಿ ಮುಗಿದ ಮೇಲೆ ಒಂದು, ಅರ್ಧ ದಿನ ಚೈನು ಮಸೆಯುವುದನ್ನು ಕಲಿಸಲಿ. ನವುಲೆಯಲ್ಲಿ ಅಲ್ಲ; ರಾಗಿಗುಡ್ಡದಲ್ಲಿ, ಭದ್ರಾವತಿಯಲ್ಲಿ, ಕೂಲಿಯವರು ಇರುವ ಕಡೆ, ಭಾನುವಾರ. ಬಂದವರಿಗೆ ಅರ್ಧ ದಿನದ ಕೂಲಿಯನ್ನೂ ಕೊಡಲಿ, ಇಲ್ಲದಿದ್ದರೆ ಬರುವುದು ತೋಟದ ಯಜಮಾನರು ಮಾತ್ರ. ಅಂಗಡಿಯವರು ಬಿಲ್ಲಿನಲ್ಲಿ ‘ಚೈನ್ 1’ ಎಂದು ಬರೆಯುವ ಬದಲು ಪಿಚ್, ಗೇಜ್, ನಾಲಗೆಯ ಸಂಖ್ಯೆ, ಅರದ ಅಳತೆ ಬರೆದು ಕೊಡಲಿ. ನಾವು ಸುದ್ದಿ ಬರೆಯುವವರು ಠಾಣೆಯ ಹೆಸರಿನ ಜೊತೆ ಇನ್ನೊಂದು ಪ್ರಶ್ನೆ ಕೇಳುತ್ತೇವೆ.

ನಮ್ಮ ನಾಲ್ಕನೇ ಸಿಲ್ವರ್ ಓಕ್ ಇನ್ನೂ ಬೇಲಿಯಲ್ಲೇ ಇದೆ, ಕರೆಂಟ್ ತಂತಿಯ ಕಡೆಗೆ ವಾಲಿಕೊಂಡು. ಮಳೆ ಹಿಡಿಯುವುದರೊಳಗೆ ಅದು ಇಳಿಯಬೇಕು. ಮೊನ್ನೆ ಅದೇ ಮನುಷ್ಯನಿಗೆ ಫೋನ್ ಮಾಡಿದೆವು. ಹಿಂದಿನ ಸಲದ್ದಕ್ಕೆ ತಪ್ಪಾಯ್ತು ಎಂದೆವು, ಮಸೆಯುವ ಹೊತ್ತೂ ಕೂಲಿಯೊಳಗೇ, ಹೊಸ ಚೈನೊಂದು ನಾವೇ ತಂದಿಡುತ್ತೇವೆ ಎಂದೂ ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹಂಗಾದ್ರೆ ನಂಬರ್ ಬರ್ಕೊಳ್ಳಿ. ಪಾಯಿಂಟ್ ತ್ರೀ ಟೂ ಫೈವ್, ಎಪ್ಪತ್ತೆರಡು. ಗೇಜು ಬಾರ್ ನೋಡಿ ಹೇಳ್ತೀನಿ, ಫೋನ್ ಇಡ್ಬೇಡಿ’ ಎಂದರು.